ಚಳಿಗಾಲದ ವಿಶಾಲಾಕ್ಷಿ ಮೇಡಂ

ಸುದ್ದಗುಂಟೆಪಾಳ್ಯದಲ್ಲಿ ಸ್ವಂತ ಮನೆ, ಮನೆಯೊಳಗೆ ತೇಗದ ಮಂಚ, ಮಂಚದ ಮೇಲೆ ಹತ್ತಿಯ ಹಾಸಿಗೆ ಎಲ್ಲ ಇದ್ದೂ ವಿಶಾಲಾಕ್ಷಿ ಮೇಡಂ ಡಿಸೆಂಬರ್ ತಿಂಗಳಿಡೀ ಪಕ್ಕದ ಖಾಲಿ ಸೈಟಿನಲ್ಲಿ, ತಗಡಿನ ಗಾಡಿಯೊಂದರೊಳಗೆ ಮಲಗುತ್ತಿದ್ದರು. ಬೀದಿಯವರಿಗೆ ಮೊದಮೊದಲು ಇದು ಸಂಸಾರದ ಜಗಳದಂತೆ ಕಂಡಿತಂತೆ. ಆದರೆ ಮೇಡಂಗೆ ಸಂಸಾರವಿರಲಿಲ್ಲ; ಆ ಮನೆಯಲ್ಲಿದ್ದವರು ಅವರೊಬ್ಬರೇ. ಜಗಳ ಯಾರ ಜೊತೆ ಎಂಬುದು ಬಗೆಹರಿಯದೆ ಬೀದಿಯವರು ಸುಮ್ಮನಾದರು.

ತೊಂಬತ್ತಾರರ ಡಿಸೆಂಬರಿನಲ್ಲಿ ನಾನು ಗದಗಿನಿಂದ ಬಂದು ಅವರ ಮಹಡಿಯ ಮೇಲಿನ ಒಂದು ಕೋಣೆಗೆ ಬಾಡಿಗೆಗೆ ಸೇರಿದೆ. ಜಯನಗರದ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ. ಬಂದ ಮೂರನೆಯ ದಿನ ಬೆಳಗಿನ ಜಾವ ನೀರು ಹಿಡಿಯಲು ಕೆಳಗಿಳಿದರೆ, ಸೀರೆಯ ಮೇಲೆ ಎರಡು ಸ್ವೆಟರು, ತಲೆಗೆ ಮಂಕಿ ಟೋಪಿ, ಕೈಯಲ್ಲಿ ಥರ್ಮಾಮೀಟರು ಹಿಡಿದ ಮೇಡಂ ಗಾಡಿಯಿಂದ ಬಗ್ಗಿ ಹೊರಬರುತ್ತಿದ್ದರು.

"ಮೇಡಂ, ಮನ್ಯಾಗ ಏನರ ತೊಂದ್ರಿ ಆಗೇತೇನ್ರಿ?" ಎಂದೆ.

"ಮನೇಲಿ ಬೆಚ್ಚಗಿರುತ್ತಮ್ಮ. ಅಲ್ಲಿ ಮಲಗಿದ್ರೆ ಏನು ಗೊತ್ತಾಗುತ್ತೆ?" ಎಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಹಲ್ಲುಜ್ಜಲು ಹೋದರು.

ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಅಷ್ಟೂ ವರ್ಷ ಅವರು ಮಾಡಿದ ಪ್ರವಾಸವೆಂದರೆ ಶಾಲೆಯ ಪ್ರವಾಸ. ನೋಡಿದ್ದು ಮಕ್ಕಳ ತಲೆಗಳನ್ನು, ಎಣಿಸಲಿಕ್ಕಾಗಿ. ನಿವೃತ್ತರಾದ ಮೇಲೆ ಊರು ನೋಡಬೇಕೆಂದು ಹೊರಟರೆ ಲಾಡ್ಜುಗಳು ಅವರಿಗೆ ಸರಿಹೋಗಲಿಲ್ಲ. "ಒಬ್ಬಳೇ ಹೆಂಗಸು ಹೋದ್ರೆ ರಿಜಿಸ್ಟರ್ ಬರೆಯೋನು ‘ಜೊತೆಗೆ ಯಾರು ಮೇಡಂ’ ಅಂತಾನೆ. ನಾನೇ ನನ್ನ ಜೊತೆಗಿದೀನಪ್ಪ ಅಂದ್ರೆ ಪೆನ್ನು ಕೆಳಗಿಡ್ತಾನೆ." ಹಾಗಾಗಿ ಲಾರಿ ಬಾಡಿ ಕಟ್ಟುವ ಶೆಡ್ಡೊಂದಕ್ಕೆ ಹೋಗಿ, ತಾವೇ ಬರೆದ ನಕ್ಷೆ ಕೊಟ್ಟು, ಎರಡು ಚಕ್ರದ ಮೇಲೆ ಹತ್ತಡಿಯ ಕೋಣೆ ಮಾಡಿಸಿಕೊಂಡರು. ಒಳಗೆ ಎದುರುಬದುರು ಎರಡು ಹಲಗೆ ಮಂಚ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ, ಒಂದು ಸಣ್ಣ ಕಿಟಕಿ. ಅದನ್ನು ತಮ್ಮ ಹಳೆಯ ಅಂಬಾಸಿಡರ್‌ಗೆ ಸಿಕ್ಕಿಸಿಕೊಂಡು ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೊರಟುಬಿಡುತ್ತಿದ್ದರು. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. "ಅವರಿಗೆ ಮನೆ ಮುಟ್ಟೋ ಅರ್ಜೆಂಟು. ನಮ್ಮನೆ ಹಿಂದೇನೇ ಬರ್ತಿದೆಯಲ್ಲ" ಎನ್ನುತ್ತಿದ್ದರು.

ತೊಂದರೆಯಿದ್ದದ್ದು ಚಳಿಯದು. ತಗಡು ಬಿಸಿಲಿಗೆ ಬಾಣಲೆಯಾಗುತ್ತಿತ್ತು, ರಾತ್ರಿ ಐಸ್ ಡಬ್ಬಿಯಾಗುತ್ತಿತ್ತು. ಬೆಂಕಿಯಿಲ್ಲದೆ ಅದರೊಳಗೆ ಬೆಚ್ಚಗೆ ಮಲಗುವುದು ಹೇಗೆಂಬುದೇ ಖಾಲಿ ಸೈಟಿನ ಆ ಡಿಸೆಂಬರ್ ಪ್ರಯೋಗ.

"ಚಳಿ ಅನ್ನೋ ಪದಾರ್ಥಾನೇ ಇಲ್ಲ ಶೈಲಾ. ಶಾಖ ಓಡಿಹೋಗೋದಿದೆ, ಅಷ್ಟೆ. ನಿನ್ನ ಮೈಯೇ ಒಲೆ. ಒಲೆ ಕಾಯ್ಕೊಂಡ್ರೆ ಸಾಕು."

ಒಲೆ ಕಾಯುವ ಕ್ರಮ ಹೀಗಿತ್ತು. ಹೊದೆಯುವುದಕ್ಕಿಂತ ಹಾಸುವುದು ಮುಖ್ಯ: ಕೆಳಗೆ ಗೋಣಿಚೀಲ, ಅದರ ಮೇಲೆ ಎರಡು ವಾರದ ದಿನಪತ್ರಿಕೆ, ಮೇಲೆ ಜಮಖಾನ, ಅದರ ಮೇಲೆ ಕಂಬಳಿ. ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಗೆ ಹಳೆಯ ಕಾಲುಚೀಲ ತೊಡಿಸಿ ಪಾದದ ಬಳಿ ಇಟ್ಟುಕೊಳ್ಳಬೇಕು. ಮಲಗುವ ಮುಂಚೆ ಒಂದು ಹಿಡಿ ಕಡಲೆಕಾಯಿ ಬೀಜ, ಬೆಲ್ಲ. ಅದಕ್ಕೆ ಅವರು ‘ಸೌದೆ’ ಎನ್ನುತ್ತಿದ್ದರು. ಪ್ರತಿಯೊಂದಕ್ಕೂ ಕಾರಣ ಕೊಡುತ್ತಿದ್ದರು, ಒಂದನ್ನು ಬಿಟ್ಟು. ಎಷ್ಟೇ ಚಳಿಯಿದ್ದರೂ ಕಿಟಕಿ ಎರಡು ಬೆರಳಿನಷ್ಟು ತೆರೆದಿರಬೇಕು. ಶಾಖ ಓಡಿಹೋಗಬಾರದೆನ್ನುವವರು ಕಿಟಕಿ ಯಾಕೆ ತೆರೆಯುತ್ತಾರೆಂದು ಕೇಳಿದೆ.

"ಎಂಟನೇ ಕ್ಲಾಸಲ್ಲಿ ಓದಿರ್ಬೇಕಲ್ಲ" ಎಂದರು, ನಾನು ಎಂಟನೇ ಕ್ಲಾಸು ಫೇಲಾದವಳೇನೋ ಎಂಬಂತೆ ನೋಡುತ್ತ. ನಾನು ಮತ್ತೆ ಕೇಳಲಿಲ್ಲ.

ಮುಂದಿನ ಜನವರಿಯಲ್ಲಿ ನನ್ನನ್ನೂ ತಮ್ಮ ಅಕ್ಕ ಪದ್ಮಕ್ಕನವರನ್ನೂ ಊಟಿಗೆ ಕರೆದುಕೊಂಡು ಹೋದರು. ಪದ್ಮಕ್ಕ ಹನುಮಂತನಗರದ ಮನೆಯಲ್ಲಿ ಯುಗಾದಿಗೂ ಸ್ವೆಟರ್ ಹಾಕಿಕೊಳ್ಳುವವರು. ಊಟಿಯ ಹೊರಗೆ ಮೇಡಂನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕ್ಯಾರೆಟ್ ತೋಟದ ಅಂಚಿನಲ್ಲಿ ಗಾಡಿ ನಿಂತಿತು. ಮಂಚ ಎರಡೇ ಇದ್ದದ್ದರಿಂದ ಅವನ್ನು ನಮಗೆ ಬಿಟ್ಟುಕೊಟ್ಟು ಮೇಡಂ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದರು.

ಗೋಣಿ, ಪತ್ರಿಕೆ, ಕಂಬಳಿ, ಬಾಟಲಿ, ಬೆಲ್ಲ ಎಲ್ಲ ಕ್ರಮವಾಗಿ ನಡೆದವು. ಆದರೂ ಪದ್ಮಕ್ಕನ ಹಲ್ಲು ಕಟಕಟ ಎನ್ನುತ್ತಿತ್ತು. "ಇವಳ ಸೈನ್ಸಿಗೆ ಬೆಂಕಿ ಬಿತ್ತು" ಎಂದವರೇ ಎದ್ದು, ತೋಟದ ಮನೆಯ ಅಡುಗೆಯವಳಿಂದ ಕಬ್ಬಿಣದ ಬಾಣಲೆ ತುಂಬ ಇದ್ದಿಲಿನ ಕೆಂಡ ತಂದು ಎರಡು ಮಂಚಗಳ ನಡುವೆ ಇಟ್ಟರು. ಕಿಟಕಿಯ ಸಂದಿಗೆ ಟವೆಲ್ ತುರುಕಿದರು.

"ಮೇಡಂ ಬೈತಾರ್ರೀ" ಎಂದೆ.

"ಬೆಳಿಗ್ಗೆ ಅವಳು ಏಳೋಷ್ಟೊತ್ತಿಗೆ ಹೊರಗಿಡೋಣ ಬಿಡೇ."

ನಾನು ಬಿಟ್ಟೆ. ಹೇಳಬೇಕೆಂದರೆ, ಬಾಣಲೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿಕೊಂಡೆ. ಬೆಂಗಳೂರು ಬಿಟ್ಟ ಮೇಲೆ ಮೊದಲ ಬಾರಿಗೆ ಮೈ ಬೆಚ್ಚಗಾಗಿತ್ತು. ತಲೆ ಸ್ವಲ್ಪ ನೋಯುತ್ತಿತ್ತು, ಘಾಟಿಯ ತಿರುವುಗಳಿಂದ ಇರಬೇಕೆಂದುಕೊಂಡೆ. ಒಳ್ಳೆಯ ನಿದ್ದೆ ಬಂತು.

ಆಮೇಲೆ ನೆನಪಿರುವುದು ಒದ್ದೆ ಹುಲ್ಲು. ನಾನು ಅದರ ಮೇಲೆ ಬೋರಲು ಬಿದ್ದು ವಾಂತಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮೇಡಂ ಪದ್ಮಕ್ಕನ ಕೆನ್ನೆಗೆ ಹೊಡೆಯುತ್ತ "ಅಕ್ಕಾ, ಪದ್ಮಾ, ಏ ಪದ್ಮಾ" ಎನ್ನುತ್ತಿದ್ದರು. ಎರಡು ಗಂಟೆಗೊಮ್ಮೆ ಟೈಂಪೀಸ್ ಇಟ್ಟುಕೊಂಡು ಎದ್ದು ಗಾಡಿಯೊಳಗಿನ ಥರ್ಮಾಮೀಟರ್ ನೋಡುವುದು ಅವರ ಪದ್ಧತಿ. ಹಾಗೆ ಬಂದವರಿಗೆ ಕಿಟಕಿಯಲ್ಲಿ ಟವೆಲ್ ಕಂಡಿತ್ತು. ತಮಗಿಂತ ಒಂದೂವರೆಪಟ್ಟು ತೂಕದ ಅಕ್ಕನನ್ನು ಆ ಅರವತ್ತರ ಹೆಂಗಸು ಒಬ್ಬರೇ ಹೇಗೆ ಎಳೆದು ಹಾಕಿದರೋ ತಿಳಿಯದು. ಬಹಳ ಹೊತ್ತಿನ ಮೇಲೆ ಪದ್ಮಕ್ಕ ಕಣ್ಣು ಬಿಟ್ಟು, "ಚಳಿ ಕಣೇ" ಎಂದರು. ಮೇಡಂ ತಮ್ಮ ಎರಡೂ ಸ್ವೆಟರುಗಳನ್ನು ಬಿಚ್ಚಿ ಅಕ್ಕನಿಗೆ ಹೊದಿಸಿದರು.

ತೋಟದ ಮನೆಯವರು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಎರಡು ದಿನ ಆಕ್ಸಿಜನ್ ಕೊಟ್ಟು ಕಳಿಸಿದರು. ಮೇಡಂ ಬೈಯುತ್ತಾರೆಂದು ನಾನೂ ಪದ್ಮಕ್ಕನೂ ಕಾದೆವು. ಬೈಯಲಿಲ್ಲ. ವಾಪಸು ಬರುವಾಗ ಘಾಟಿ ಇಳಿದ ಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದರು: "ಕಿಟಕಿ ತೆಗೆದಿಡಿ ಅಂದೆ. ಯಾಕೆ ಅಂತ ಹೇಳ್ಲಿಲ್ಲ. ಯಾಕೆ ಅಂತ ಹೇಳ್ದೆ ಇರೋದು ಪಾಠ ಅಲ್ಲ, ಪೊಲೀಸ್ ಕೆಲಸ. ತಪ್ಪು ನಂದು."

ಅಂದಿನಿಂದ ಅವರು ಯಾರಿಗೂ ಕಾರಣ ಹೇಳದೆ ಏನನ್ನೂ ಹೇಳಲಿಲ್ಲ. ತರಕಾರಿಯವನನ್ನೂ ಬಿಡುತ್ತಿರಲಿಲ್ಲ. ಬಿಟಿಎಂ ಲೇಔಟ್ ಕಡೆ ಕಟ್ಟಡಗಳೇಳುತ್ತಿದ್ದ ಕಾಲ. ತಗಡಿನ ಶೆಡ್ಡುಗಳಲ್ಲಿ ಕೆಂಡ ಇಟ್ಟುಕೊಂಡು ಮಲಗುವ ವಾಚ್‌ಮನ್‌ಗಳನ್ನು ಹುಡುಕಿ ಹೋಗಿ, ಗೋಣಿಚೀಲ ಕೊಟ್ಟು, ಅರ್ಧರ್ಧ ಗಂಟೆ ಪಾಠ ಮಾಡಿ ಬರುತ್ತಿದ್ದರು. ಕೆಲವರು ದೂರದಿಂದಲೇ ಅವರನ್ನು ಕಂಡು ಬೆಂಕಿ ಆರಿಸುತ್ತಿದ್ದರು, ಪಾಠ ತಪ್ಪಿಸಿಕೊಳ್ಳಲು.

ನಾನು ಮದುವೆಯಾಗಿ ಕುಮಾರಸ್ವಾಮಿ ಲೇಔಟಿಗೆ ಹೋದೆ. ಎರಡು ಸಾವಿರದ ಎರಡರ ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಬಾಣಂತನಕ್ಕೆ ಅವ್ವನೇ ಗದಗಿನಿಂದ ಬಂದಿದ್ದಳು. ಮಗು ನೋಡಲು ಬಂದ ಮೇಡಂ ಮಗುವನ್ನು ನೋಡಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಮಂಚದ ಕೆಳಗಿದ್ದ, ಕೆಂಡ ತುಂಬಿದ ಕಬ್ಬಿಣದ ಬುಟ್ಟಿ ನೋಡಿದರು, ಮುಚ್ಚಿದ ಕಿಟಕಿ ನೋಡಿದರು. ಕಿಟಕಿ ತೆರೆದು, ಬುಟ್ಟಿಯನ್ನು ಸೆರಗಿನಲ್ಲಿ ಹಿಡಿದು ಬಾಲ್ಕನಿಗೆ ಒಯ್ದಿಟ್ಟು, ಆಮೇಲೆ ಅವ್ವನೆದುರು ನೆಲದ ಮೇಲೆ ಕೂತರು. ಊಟಿಯಲ್ಲಿ ಕೆಂಡದ ಪಕ್ಕ ಮಲಗಿ ಎದ್ದವಳು ನಾನು. ಆದರೂ ಕೆಂಡ ಬೇಡವೆಂದು ಅವ್ವನಿಗೆ ಎದುರಾಡುವ ಧೈರ್ಯ ನನಗಿರಲಿಲ್ಲ.

"ಬಾಣಂತಿ ಖೋಲಿಯೊಳಗ ಕೆಂಡ ಇಲ್ಲಂದ್ರ ಹೆಂಗ್ರೀ? ನಮ್ಮವ್ವ ಇಟ್ಟಾಳ, ಆಕಿ ಅವ್ವ ಇಟ್ಟಾಳ" ಎಂದಳು ಅವ್ವ.

"ಅವರು ಇಟ್ಟಿದ್ದು ಸರಿ ಅಮ್ಮ. ನಿಮ್ಮೂರ ಮನೆ ಮಾಳಿಗೇಲಿ ಬೆಳಕಿಂಡಿ ಇರುತ್ತೆ, ಗಾಳಿ ಆಡುತ್ತೆ. ಇದು ಆರ್‌ಸಿಸಿ, ಕಿಟಕಿಗೆ ಗಾಜು. ಕೆಂಡದ ವಿಷ ಕಣ್ಣಿಗೆ ಕಾಣಲ್ಲ, ವಾಸನೇನೂ ಇಲ್ಲ. ಒಳ್ಳೆ ನಿದ್ದೆ ಬಂದ ಹಾಗಿರುತ್ತೆ, ಅಷ್ಟೆ. ನಮ್ಮಕ್ಕನ್ನ ನಾನೇ ಕಳ್ಕೋತಿದ್ದೆ."

ಊಟಿಯದನ್ನೆಲ್ಲ ಹೇಳಿದರು, ತಮ್ಮ ತಪ್ಪನ್ನೂ ಸೇರಿಸಿ. ಒಂದು ಗಂಟೆ ಹಿಡಿಯಿತು. ಅವ್ವ ಎದ್ದು ಎರಡು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿದಳು. ಮೇಡಂ ಆಗ ಮಗುವನ್ನು ಎತ್ತಿಕೊಂಡು, "ಒಳ್ಳೆ ಒಲೆ ಕಣೆ" ಎಂದು ನನಗೆ ಕೊಟ್ಟು ಹೋದರು. ನಾನು ಅವರನ್ನು ನೋಡಿದ್ದು ಅದೇ ಕಡೆ.

ಮುಂದಿನ ಆಷಾಢದಲ್ಲಿ ಅವರು ತೀರಿಕೊಂಡರೆಂದು ಪದ್ಮಕ್ಕ ಹೇಳಿಕಳಿಸಿದರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಂದು ಮಲಗಿದ್ದು ಮನೆಯ ತೇಗದ ಮಂಚದ ಮೇಲೆ. ಅಂತ್ಯಕ್ರಿಯೆ ಮುಗಿಸಿ ಬಂದು ಗದಗಿಗೆ ಫೋನು ಮಾಡಿ ಅವ್ವನಿಗೆ ತಿಳಿಸಿದೆ.

"ಅಯ್ಯ, ಪಾಪ" ಎಂದಳು ಅವ್ವ. ಆಮೇಲೆ ಹೇಳಿದಳು: "ಮೊನ್ನಿ ನಮ್ಮ ಓಣ್ಯಾಗ ಹೊಸಾ ಮನಿ ಕಟ್ಟಿಸ್ಯಾರಲ್ಲ, ಅವರ ಸೊಸಿ ಬಾಣಂತಿ. ಕಿಟಕಿ ಹಾಕಿ ಕೆಂಡ ಇಟ್ಟಿದ್ರು. ನಾ ಹೋಗಿ ತಗಸಿ ಹೊರಗಿಡಿಸಿದೆ. ಯಾಕ ಅಂತ ಒಂದು ತಾಸು ಕುಂತು ತಿಳಿಸಿ ಹೇಳಿದೆ. ಈಗಿನವ್ರಿಗೆ ಏನೂ ಗೊತ್ತಿರೂದಿಲ್ಲ ನೋಡು. ನಮಗ ಮೊದಲಿಂದ ಗೊತ್ತಿದ್ದ ಮಾತು."

ನಾನು ಹೌದು ಎಂದೆ.