ಅಧಿಕ ತಿಂಗಳ ಮೊಮ್ಮಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ನಮ್ಮಕ್ಕನಿಗೆ ಒಂದು ಸುಳ್ಳು ಹೇಳಿದ್ದೆ. ಮೊಮ್ಮಗಳು ಇಂಚರ ಹುಟ್ಟಿದ್ದು ಅಧಿಕ ಶ್ರಾವಣದ ಕೊನೆಯಲ್ಲಿ, ಇಲ್ಲೇ ಹ್ಯಾನೋವರಿನ ಆಸ್ಪತ್ರೆಯಲ್ಲಿ. ಬಾಣಂತನಕ್ಕೆಂದು ಬಂದಿದ್ದ ನಾನು ಆ ಸುದ್ದಿಯನ್ನು ಮೂರು ದಿನ ಬಾಯೊಳಗೇ ಇಟ್ಟುಕೊಂಡು, ಅಮಾವಾಸ್ಯೆ ಕಳೆದು ನಿಜ ಶ್ರಾವಣ ಕಾಲಿಟ್ಟ ಮೇಲೆ ಮೈಸೂರಿಗೆ ಫೋನ್ ಮಾಡಿ, "ಈಗ ಆಯ್ತು ಕಣಕ್ಕ, ಹೆಣ್ಣುಮಗು" ಎಂದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ ಪಂಚಾಂಗ ನೋಡಲು ನನಗೆ ಬರುತ್ತದೆ. ಅಧಿಕ ಮಾಸದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅಳಿಯನಿಗೆ ಮೂವತ್ತಮೂರು ಕಜ್ಜಾಯ ಕೊಡುವುದೊಂದು ಬಿಟ್ಟರೆ ಸಂಭ್ರಮವೇ ಇಲ್ಲ. ಅಂಥ ತಿಂಗಳಲ್ಲಿ ಹುಟ್ಟಿದ ಮಗುವಿಗೆ ವರ್ಷವರ್ಷ ಆರತಿ ಎತ್ತುವುದು ಯಾವಾಗ?

ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೇನೋ. ಮಗುವಿನ ಕಿವಿಯ ಪರೀಕ್ಷೆ ಸರಿಯಾಗಿ ಬರಲಿಲ್ಲ. ಮತ್ತೆ ಮಾಡಿದಾಗಲೂ ಹಾಗೇ. "ಅಮ್ಮಾ, ಕ್ಲಿಯರ್ ಆಗಿಲ್ಲ ಅಂದ್ರೆ ಕೇಳ್ಸಲ್ಲ ಅಂತಲ್ಲ. ಕಿವೀಲಿ ನೀರು ತುಂಬಿರ್ಬಹುದಂತೆ. ಇನ್ನೊಂದು ಟೆರ್ಮಿನ್ ಕೊಟ್ಟಿದಾರೆ, ಸುಮ್ನಿರು," ಎಂದಳು ಮಗಳು ಸುಮನಾ. ಡಾಕ್ಟರನ್ನು ಕಾಣಲು ಗೊತ್ತು ಮಾಡಿದ ಹೊತ್ತಿಗೆ ಇಲ್ಲಿ ಟೆರ್ಮಿನ್ ಎನ್ನುತ್ತಾರೆ. ನಮ್ಮ ಮುಹೂರ್ತಕ್ಕಿಂತ ಬಿಗಿ. ನಾನು ಸುಮ್ಮನಿದ್ದೆ. ಆದರೆ ಮಗುವಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ಬೆಚ್ಚದಿದ್ದರೆ ಅಡುಗೆಮನೆಗೆ ಹೋಗಿ ಅಧಿಕ ಮಾಸವನ್ನು ಬಯ್ಯುವುದು ನಡೆದೇ ಇತ್ತು.

ನಡುವೆ ಊರಿಗೆ ಹೋಗಿ, ಚಳಿಗಾಲದ ಕೊನೆಗೆ ಮತ್ತೆ ಬಂದೆ. ಕಿವಿಯ ವಿಷಯ ಆಗಲೂ ಇತ್ಯರ್ಥವಾಗಿರಲಿಲ್ಲ. ಕೆಳಗಿನ ಮನೆಯ ರಾಯಾ ಅವರು ಒಡೆಸ್ಸಾ ಕಡೆಯ ಯಹೂದಿಗಳು, ಎಪ್ಪತ್ತೆಂಟಾದರೂ ಲಿಫ್ಟ್ ಹತ್ತದವರು. ಒಂದು ದಿನ ಅವರು ತಮ್ಮ ಗೋಡೆಯ ಕ್ಯಾಲೆಂಡರ್ ತೋರಿಸಿ ಹೇಳಿದ್ದನ್ನು ಸುಮನಾ ಕನ್ನಡಕ್ಕೆ ತಂದಳು. ಅವರದೂ ಚಂದ್ರನ ತಿಂಗಳು. ಅವರಿಗೂ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ ಬೀಳುತ್ತದೆ, ಆಗಾಗ ಒಂದು ತಿಂಗಳು ಸೇರಿಸಿಕೊಳ್ಳುತ್ತಾರೆ. ನಮ್ಮ ಅಧಿಕ ಬಾಡಿಗೆಯವರ ಹಾಗೆ ಮನೆ ಬದಲಾಯಿಸುತ್ತಿರುತ್ತದೆ. ಅವರದು ಯಾವಾಗಲೂ ಆದಾರ್ ತಿಂಗಳೇ. ಮೊದಲ ಆದಾರ್ ಹೆಚ್ಚಿನದು, ಪೂರಿಮ್ ಹಬ್ಬ ಎರಡನೆಯದರಲ್ಲಿ. ಥೇಟ್ ನಮ್ಮ ಅಧಿಕ, ನಿಜದ ಹಾಗೆ.

"ನಾನು ಹುಟ್ಟಿದ್ದೇ ಆ ಹೆಚ್ಚಿನ ಆದಾರ್‌ನಲ್ಲಿ," ಎಂದರಂತೆ ರಾಯಾ.

ನಾನು ಸುಮನಾಳ ಕೈ ಹಿಡಿದೆಳೆದೆ. "ಹಾಗಾದ್ರೆ ಹುಟ್ಟಿದಹಬ್ಬ ಯಾವಾಗ ಅಂತ ಕೇಳೇ," ಎಂದೆ.

"ಆದಾರ್ ಒಂದೇ ಇರೋ ವರ್ಷ ಅದರಲ್ಲಿ. ಎರಡಿರೋ ವರ್ಷ ಮೊದಲನೇದ್ರಲ್ಲಿ. ಕೇಕ್ ಮಿಕ್ಕಿದ್ರೆ ಎರಡನೇದ್ರಲ್ಲೂ."

ಆದಾರ್ ಬಂದರೆ ಸಂತೋಷ ಹೆಚ್ಚಬೇಕೆಂಬುದು ಅವರ ಹಿರಿಯರ ಮಾತಂತೆ. ಹೆಚ್ಚಿನ ತಿಂಗಳಿಗೆ ನಾನೊಬ್ಬಳೇ ಮುಖ ಸಿಂಡರಿಸಿಕೊಂಡು ಕೂತಿದ್ದೆ.

ಪೂರಿಮ್ ದಿನ ನೆರೆಯವರಿಗೆ ತಿಂಡಿ ಹಂಚುವುದು ಅವರ ಪದ್ಧತಿ. ಗಸಗಸೆ ತುಂಬಿದ ಮೂರು ಮೂಲೆಯ ತಿಂಡಿಯ ತಟ್ಟೆ ಹಿಡಿದು ರಾಯಾ ಬಂದರು. ಇನ್ನೊಂದು ಕೈಯಲ್ಲಿ ಮರದ ಗಿಲಕಿ. ಹಬ್ಬದ ಕತೆ ಓದುವಾಗ ಹಾಮಾನನೆಂಬ ದುಷ್ಟನ ಹೆಸರು ಬಂದಾಗಲೆಲ್ಲ ಅದನ್ನು ತಿರುಗಿಸಿ, ಆ ಹೆಸರೇ ಕೇಳದಂತೆ ಗದ್ದಲ ಮಾಡಬೇಕಂತೆ. ಹೇಗೆಂದು ತೋರಿಸಲು ಬಾಗಿಲಲ್ಲೇ "ಹಾಮಾನ್" ಎಂದು ಗರ್ರನೆ ತಿರುಗಿಸಿದರು. ಅವರಿಗೆ ಬೆನ್ನು ಹಾಕಿ ಚಾಪೆಯ ಮೇಲಿದ್ದ ಇಂಚರ ಬೆಚ್ಚಿಬಿದ್ದು, ಕತ್ತು ತಿರುಗಿಸಿ, ಸೂರು ಹಾರಿಹೋಗುವಂತೆ ಅತ್ತಳು.

ರಾಯಾ ಗಾಬರಿಯಾಗಿ ಕ್ಷಮೆ ಕೇಳುತ್ತಿದ್ದರು. ನಾನು ಅವರನ್ನು ತಬ್ಬಿಕೊಂಡು, "ಇನ್ನೊಂದ್ಸಲ ತಿರುಗ್ಸಿ, ಇನ್ನೊಂದೇ ಸಲ," ಎನ್ನುತ್ತಿದ್ದೆ.

"ಅಮ್ಮಾ, ಮಗು ಅಳ್ತಿದೆ," ಎಂದು ಗದರಿದ ಸುಮನಾಳ ಕಣ್ಣಲ್ಲೂ ನೀರು.

ಮುಂದಿನ ವಾರದ ಟೆರ್ಮಿನ್‌ನಲ್ಲಿ ಡಾಕ್ಟರು ನೀರು ಇಳಿದಿದೆ, ಎರಡೂ ಕಿವಿ ಚೆನ್ನಾಗಿವೆ ಎಂದರು. ರಾಯಾ ಅವರ ತಟ್ಟೆಯನ್ನು ಬರಿದೇ ಕಳಿಸುವುದುಂಟೆ? ಕಜ್ಜಾಯ ತುಂಬಿ ಕಳಿಸಿದೆ. ಆಮೇಲೆ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಹಚ್ಚಿದೆ. "ಅಕ್ಕಾ, ಮಗು ಹುಟ್ಟಿದ್ದು ಅಧಿಕದಲ್ಲೇ."

"ಗೊತ್ತು ಬಿಡೇ. ನಿನ್ನ ಅಳಿಯ ಅವತ್ತೇ ವಾಟ್ಸಾಪಲ್ಲಿ ಫೋಟೊ ಹಾಕಿದ್ದ. ನೀನು ಮೂರು ದಿನ ಅದ್ಹೇಗೆ ಬಾಯಿ ಮುಚ್ಕೊಂಡಿದ್ದೆ ಅಂತ್ಲೇ ನಮಗೆಲ್ಲ ಆಶ್ಚರ್ಯ."

ಇನ್ನು ಪ್ರತಿ ಶ್ರಾವಣದಲ್ಲೂ ಇಂಚರಳಿಗೆ ಆರತಿ. ಎಷ್ಟೋ ವರ್ಷ ಕಳೆದು ಮತ್ತೆ ಅಧಿಕ ಶ್ರಾವಣ ಬರುವಾಗ ನಾನಿರುತ್ತೇನೋ ಇಲ್ಲವೋ. ಆ ವರ್ಷ ಎರಡು ಸಲ ಎತ್ತಬೇಕೆಂದು ಸುಮನಾಳಿಗೆ ಹೇಳಿಟ್ಟಿದ್ದೇನೆ. ಅವಳು ಮರೆತಾಳು. ಅದಕ್ಕೇ ಇಂಚರಳಿಗೂ ಮೆಲ್ಲಗೆ ಹೇಳಿದ್ದೇನೆ. ರಾಯಾ ಬಿಟ್ಟುಹೋದ ಗಿಲಕಿ ಅವಳ ಹತ್ತಿರವೇ ಇದೆ, ನನ್ನ ಮಾತೂ ಅವಳ ಕಿವಿಗೆ ಬಿದ್ದಿದೆ.