ಅವಳ ಬ್ಯಾಗಿಗೆ ನಾನು ಹಾಕಿದ ಬಣ್ಣ

ನನ್ನ ಹೆಂಡತಿ ಐಮಂಗಲದ ಶಾಲೆಯಲ್ಲಿ ಟೀಚರ್ ಆಗಿದ್ದಳು. ಹಿರಿಯೂರಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದೇ ಸರ್ವೀಸು ಮುಗಿಸಿದವಳು. ನಿವೃತ್ತಿಗೆ ಒಂದು ವಾರ ಇದ್ದಾಗ, ಮೊದಲ ದಿನ ಹಾಕಿಕೊಂಡು ಹೋದ ಚರ್ಮದ ಬ್ಯಾಗನ್ನೇ ಕೊನೆಯ ದಿನವೂ ಹಾಕಿಕೊಂಡು ಹೋಗುವುದಾಗಿ ಘೋಷಿಸಿದಳು. ಅದು ಅವಳಪ್ಪ ಕೊಡಿಸಿದ್ದು. ನುಣುಪು ಚರ್ಮ. ಒಂದು ಕಾಲಕ್ಕೆ ಅದು ಕಂದು ಬಣ್ಣದ್ದಾಗಿತ್ತು ಎಂಬುದಕ್ಕೆ ಮಡಿಕೆಗಳ ಒಳಭಾಗವಷ್ಟೇ ಸಾಕ್ಷಿ ಹೇಳುತ್ತಿತ್ತು.

ಬಣ್ಣ ಹಾಕುವ ಹೊಣೆಯನ್ನು ನಾನು ವಹಿಸಿಕೊಂಡೆ. ಕೇಳಿದವರಾರೂ ಇರಲಿಲ್ಲ.

“ಹಾಳ್ ಮಾಡೀರ ಮತ್ತೆ. ಇನ್ನೊಂದು ಕೊಡ್ಸಾಕೆ ಅಪ್ಪ ಇಲ್ಲ” ಎಂದಳು.

ಚರ್ಮದ ಬಣ್ಣದ ಸೀಸೆ ತರಿಸಿದೆ. ಹಿತ್ತಲಿನಲ್ಲಿ ಪೇಪರು ಹಾಸಿ, ಹಳೆಯ ಬನಿಯನ್ ತೊಟ್ಟು, ಸ್ಪಂಜನ್ನು ಅದ್ದಿ ಮೊದಲ ಗೆರೆ ಎಳೆದೆ. ಬಣ್ಣ ಗುಂಡುಗುಂಡಾಗಿ ನಿಂತು, ಒಂದು ಕ್ಷಣ ಯೋಚಿಸಿ, ಕೆಳಗಿಳಿದು ಹೋಯಿತು. ಎರಡು ಮೂಲೆಗಳು ಮಾತ್ರ ಬಣ್ಣ ಹಿಡಿದು ನನ್ನ ಮೇಲೆ ದಯೆ ತೋರಿದವು.

ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬ್ಯಾಗನ್ನು ಮೂಗಿನ ಹತ್ತಿರ ಹಿಡಿದರು.

“ಎಣ್ಣೆ ಹಚ್ಚಿದೀರೇನ್ರಿ?”

“ಆಯುಧಪೂಜೆಗೆ. ವರ್ಷಕ್ಕೊಂದೇ ಸಲ.”

ನಮ್ಮ ಮನೆಯಲ್ಲಿ ಆ ದಿನ ಸ್ಕೂಟರು, ಮಚ್ಚು, ಹೊಲಿಗೆ ಮಷಿನ್ನು ಎಲ್ಲಕ್ಕೂ ತೆಂಗಿನೆಣ್ಣೆ ಒರೆಸಿ ವಿಭೂತಿ ಎಳೆಯುವುದು ಪದ್ಧತಿ. ಟೀಚರಿಗೆ ಬ್ಯಾಗೇ ಆಯುಧ. ಅದಕ್ಕೂ ಭಕ್ತಿಯಿಂದ ಎಣ್ಣೆ ತಿಕ್ಕುತ್ತಿದ್ದವನು ನಾನೇ. ಪಕ್ಕದಲ್ಲೇ ತೆಂಗಿನಕಾಯಿ ಮಂಡಿಗಳಿರುವ ಊರಿನಲ್ಲಿ ಎಣ್ಣೆಗೆ ಜಿಪುಣತನ ಮಾಡಲು ಕಾರಣವೂ ಇರಲಿಲ್ಲ.

“ಹಪ್ಪಳ ಕರ್ದಂಗೆ ಕರ್ದಿದೀರಲ್ಲ ಸ್ವಾಮಿ! ಎಣ್ಣೆ ಕುಡ್ದಿರೋ ಚರ್ಮ ಬಣ್ಣ ಎಲ್ಲಿ ಕುಡೀತೈತೆ? ಮೊದ್ಲು ಸ್ಪಿರಿಟ್‌ನಾಗೆ ಒರ್ಸಿ ಜಿಡ್ಡು ತೆಗೀರಿ. ಆಮೇಲೆ ಬಣ್ಣ ತೆಳ್ಳಗೆ ಹಚ್ಚಿ ಒಣಗಿಸ್ರಿ, ಮತ್ತೆ ತೆಳ್ಳಗೆ ಹಚ್ರಿ. ಕಡೀಗೆ ಬಿಳೇ ಬಟ್ಟೇಲಿ ತಿಕ್ರಿ, ಬಟ್ಟೆಗೆ ಬಣ್ಣ ಹತ್ತೋದು ನಿಲ್ಲೋ ತನ್ಕ.”

ಮೂರು ದಿನ ಒರೆಸಿದೆ. ಹಲವು ವರ್ಷಗಳ ಭಕ್ತಿ ಹಳದಿ ಜಿಡ್ಡಾಗಿ ಬಟ್ಟೆಗೆ ಬಂತು.

“ಆಸ್ಪತ್ರೆ ಯಾವಾಗ ತೆಗೆದ್ರಿ?” ಎಂದು ಹೆಂಡತಿ ಮೂಗು ಮುಚ್ಚಿಕೊಂಡು ಹೋದಳು.

ಆದರೆ ಈ ಸಲ ಬಣ್ಣ ಹಿಡಿಯಿತು. ಮೂರನೆಯ ಪದರ ಒಣಗಿದ ಮೇಲೆ ಅವಳು ಬಂದು ನಿಂತು ನೋಡಿದಳು. “ಅಪ್ಪ ತಂದಾಗ ಹಿಂಗೇ ಇತ್ತು ಕಣ್ರಿ” ಎಂದಳು. ಆ ಮಾತು ಕೇಳಿದ ಮೇಲೆ, ಅಷ್ಟು ಕಷ್ಟಪಟ್ಟು ಕೂರಿಸಿದ ಬಣ್ಣವನ್ನು ಬಟ್ಟೆಯಿಂದ ತಿಕ್ಕಿ ತೆಗೆಯುವುದು ನನಗೆ ಶುದ್ಧ ಅವಿವೇಕವಾಗಿ ಕಂಡಿತು. ತಿಕ್ಕಲಿಲ್ಲ.

ಬೀಳ್ಕೊಡುಗೆಯ ದಿನ ಅವಳು ಕೆನೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಹೊಸಿಲು ದಾಟುವಾಗ ಬ್ಯಾಗು ಹಿಡಿದ ಅವಳ ಬೆರಳು ಕಂದಾಗಿದ್ದುದು ಕಣ್ಣಿಗೆ ಬಿತ್ತು. ಇನ್ನೊಂದು ಗೇಣು ಸರಿದರೆ ಸೀರೆ. ಸರಕ್ಕನೆ ಕಿತ್ತುಕೊಂಡೆ.

“ಇವತ್ತೊಂದಿನ ನಾನೇ ಹೊರ್ತೀನಿ ಬಿಡೆ.”

ಅವಳು ನನ್ನನ್ನು ಬಹಳ ಮೆಚ್ಚುಗೆಯಿಂದ ನೋಡಿದಳು. ಆ ಅಭಿಪ್ರಾಯವನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ, ಶಾಲೆಯಲ್ಲೂ ಹಾಗೇ. ಅವಳು ಮೈಕಿನಲ್ಲಿ, ಅಪ್ಪ ಕೊಡಿಸಿದ ಬ್ಯಾಗಿಗೆ ನಮ್ಮನೆಯವರು ಕೈಯಾರೆ ಬಣ್ಣ ಹಾಕಿ ಉಳಿಸಿಕೊಟ್ಟರು ಎಂದಾಗ ಚಪ್ಪಾಳೆ ಬಿತ್ತು. ಹೆಡ್‌ಮಾಸ್ತರು, “ಯಜಮಾನ್ರು ಮೇಲ್ ಬರ್ರಿ” ಎಂದರು.

ಎದ್ದೆ. ಬಿಳಿ ಪಂಚೆಯ ಮುಂಭಾಗದಲ್ಲಿ ಭೂಪಟದ ಖಂಡದಂತೆ ಕಂದು ಕಲೆ ಹರಡಿಕೊಂಡಿತ್ತು. ಬ್ಯಾಗನ್ನು ಅದರ ಮೇಲೆಯೇ ಅವುಚಿಕೊಂಡು ವೇದಿಕೆ ಹತ್ತಿದೆ. ಇಬ್ಬರಿಗೂ ಶಾಲು ಹೊದಿಸಿದರು.

“ಸಾರ್, ಬ್ಯಾಗ್ ಕೆಳಗಿಡ್ರಿ” ಎಂದ ಫೋಟೋದವನು.

ಹೆಂಡತಿ ನನ್ನ ಅಂಗೈ ನೋಡಿದಳು. ಆಮೇಲೆ ಪಂಚೆ. ಆಮೇಲೆ ತನ್ನ ಸೀರೆ.

“ಬ್ಯಾಡಪ್ಪ, ಹಂಗೇ ತೆಗಿ” ಎಂದಳು.

ವಾಪಸು ಬಸ್ಸಿನಲ್ಲಿ ಕುಳಿತ ಕೂಡಲೇ ತನ್ನ ಹೆಗಲಿನ ಶಾಲು ತೆಗೆದು ನನ್ನ ತೊಡೆಯ ಮೇಲೆ ಹೊದಿಸಿದಳು.

“ಸನ್ಮಾನದ ಶಾಲು ಕಣೇ ಅದು.”

“ಅದಕ್ಕೇ ಹೊದ್ಸಿದ್ದು” ಎಂದು ಕಿಟಕಿಯ ಕಡೆ ತಿರುಗಿದಳು.