ಬಸವಕಲ್ಯಾಣಕ್ಕೆ ಬಂದ ಜಪಾನಿ ಶಾಪ

ಜಪಾನಿನಲ್ಲಿ ಒಂದು ಪದ್ಯ ಇದೆಯಂತೆ. ಮನಸ್ಸಿನಲ್ಲೇ ಓದಿಕೊಂಡರೆ ಏನೂ ಇಲ್ಲ, ಬಾಯಿ ಬಿಟ್ಟು ಓದಿದವರಿಗೆ ಸಾವು, ಇಲ್ಲವೇ ಸಾವಿನಂಥ ಕಂಟಕ. ಯಾರೋ ಪುಣ್ಯಾತ್ಮರು ಅದನ್ನು ಕನ್ನಡ ಅಕ್ಷರದಲ್ಲಿ ಬರೆದು ಎಲ್ಲರ ಮೊಬೈಲಿಗೂ ಹಂಚಿದ್ದರು.

ನನ್ನ ಮಗಳು ದಿನಾ ಬಸ್ಸಿನಲ್ಲಿ ಹುಮನಾಬಾದಿನ ಕಾಲೇಜಿಗೆ ಹೋಗಿಬರುತ್ತಾಳೆ. ಗೆಳತಿಯರು ಕೆಣಕಿದರೆಂದು ವಾಪಸು ಬರುವಾಗ ಬಸ್ಸಿನಲ್ಲೇ ಗಟ್ಟಿಯಾಗಿ ಓದಿಬಿಟ್ಟಳು. ಸ್ವಲ್ಪ ಹೊತ್ತಿಗೆ ಟಯರ್ ಪಂಕ್ಚರ್. ಈ ರಸ್ತೆಯಲ್ಲಿ ಪಂಕ್ಚರ್ ಆಗೋದಕ್ಕೆ ಜಪಾನಿನವರು ಇಷ್ಟು ತ್ರಾಸು ತಗೋಬೇಕಾಗಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ಅದು ಶಿವನ ದಯೆ. ಆದರೆ ಹುಡುಗಿ ಅಂಜಿ, "ನಾ ಇನ್ನ ಬಸ್ಸು ಹತ್ತಂಗಿಲ್ಲ" ಅಂತ ಚಾದರ ಹೊದ್ದು ಮಲಗಿದಳು.

ನಮ್ಮ ಮನೆಯವರ ಅಕ್ಕ ಮಂಠಾಳದಿಂದ ಬಂದಿದ್ದರು. ಅವರಿಗೆ ಇದು ಕರೆದು ಹೋಳಿಗೆ ಬಡಿಸಿದಂತಾಯಿತು.

"ಹೆಣ್ಣಿಗೆ ಓದು ಬ್ಯಾಡಂತ ನಾ ಮೊದ್ಲೇ ಬಡ್ಕೊಂಡೆ. ಕಾಲೇಜು ಬಿಡಸ್ರಿ. ನಮ್ಮ ಕಡಿ ಒಂದು ವರ ಅದ."

ನಮ್ಮವರು "ನೋಡೋಣು" ಅಂದರು. ನಮ್ಮ ಮನೆಯಲ್ಲಿ "ನೋಡೋಣು" ಅಂದರೆ ಅಕ್ಕನ ಮಾತಿಗೆ ಅರ್ಧ ಒಪ್ಪಿದ ಹಾಗೆ.

ಮರುದಿನ ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮಗಳ ಮೊಬೈಲ್ ಹಿಡಿದು ದೇವರ ಜಗಲಿಯ ಮುಂದೆ ಕೂತೆ. ಅಂಜಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಶಾಪಕ್ಕಿಂತ ಈ ವರದ ಅಂಜಿಕೆಯೇ ಹೆಚ್ಚಿತ್ತು. ಓದಿದರೆ ಏನೂ ಆಗೋದಿಲ್ಲ ಅಂತ ಚಾದರದೊಳಗಿದ್ದ ಮಗಳಿಗೆ ತೋರಿಸಲು, ಮೊದಲಿಂದ ಕಡೆತನಕ ರಾಗವಾಗಿ ಓದಿದೆ.

ಕಣ್ಣೆತ್ತಿ ನೋಡಿದರೆ, ಅಕ್ಕ ತಲೆ ಮೇಲೆ ಸೆರಗು ಹೊದ್ದು ಕೈ ಮುಗಿದು ತೂಗಾಡುತ್ತಿದ್ದಾರೆ!

"ಭಾಳ ಚಂದ ಮಂತ್ರ ಅದವಾ. ಯಾವ ದೇವರ್ದು?"

"ಇದೇ ರೀ ಅಕ್ಕಾ, ಜಪಾನಿ ಶಾಪ."

ಶರಣರು ದೇವರ ಮಾತನ್ನು ಆಡುವ ಕನ್ನಡದಲ್ಲಿ ಹೇಳಿಹೋದ ಊರಿದು. ನಾನು ವಚನ ಓದುವಾಗ ಇದೇ ಅಕ್ಕ ಆಕಳಿಸುತ್ತಾ, ಪಲ್ಯಕ್ಕೆ ಉಪ್ಪು ಹಾಕಿದೆಯೋ ಇಲ್ಲವೋ ಅಂತ ಕೇಳುತ್ತಾರೆ. ತಿಳಿಯುವ ಮಾತಿಗೆ ಆಕಳಿಕೆ, ತಿಳಿಯದ ಮಾತಿಗೆ ಕೈ ಮುಗಿಯೋದು.

ಅಕ್ಕ ಮುಗಿದ ಕೈಯನ್ನು ಕೂಡಲೇ ಕೆಳಗಿಳಿಸಿದರು. "ಅಯ್ಯ ಶಿವನೇ! ಕೇಳಿದವ್ರಿಗೂ ತಟ್ಟತದೇನ?"

"ನಂಗೇನು ತಿಳೀತದ್ರಿ? ನಾ ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ. ಓದಿದವ್ರಿಗೆ ಕೇಳ್ರಿ."

ಚಾದರದೊಳಗೆ ಅಷ್ಟೊತ್ತು ಉಸಿರು ಹಿಡಿದಿದ್ದವಳು ಕಿಸಕ್ಕನೆ ನಕ್ಕಳು. ಆ ನಗುವಿಗೆ ನಾನು ಮನಸ್ಸಿನಲ್ಲೇ ಒಂದು ಶರಣು ಹೇಳಿದೆ. ಎದ್ದು ಬಂದು ಗಂಭೀರವಾಗಿ ಅಂದಳು: "ಇದಕ್ಕ ಪರಿಹಾರ ದೊಡ್ಡ ಪುಸ್ತಕದಾಗ ಇರ್ತದ ಅತ್ತಿ. ಕಾಲೇಜಿನ ಲೈಬ್ರರಿಯಾಗ ಹುಡುಕಬೇಕು. ಒಂದೆರಡು ವರ್ಷ ಹಿಡೀತದ ನೋಡು."

ಅಕ್ಕ ತಾವೇ ಅವಳ ಬ್ಯಾಗು ತಂದು ಕೈಗಿಟ್ಟರು. "ಮತ್ತ ನಿಂತೀ ಯಾಕ? ಲಗೂ ಹೋಗವಾ, ಹುಮನಾಬಾದ್ ಬಸ್ಸು ತಪ್ಪೀತು!"